ಪಕ್ಕೆಯ ಮೀನು

ಸಿನಿಮಾ ಮುಗಿದು ದೀಪ ಹತ್ತಿದಾಗ ನನ್ನ ಎಡಗಡೆ ಕೂತಿದ್ದ ಓರಗಿತ್ತಿ ಮೂಗು ಒರೆಸಿಕೊಳ್ಳುತ್ತಿದ್ದಳು. ಬಲಗಡೆ ಕೂತಿದ್ದ ನಮ್ಮ ಯಜಮಾನರು ಹಲ್ಲು ಕಡಿಯುತ್ತಿದ್ದರು. ಕಟ್ಟಿಸಿದ ಹಲ್ಲು, ಹಾಗಾಗಿ ಹಿಂದಿನ ಎರಡು ಸಾಲಿಗೂ ಸದ್ದು ಕೇಳಿಸುತ್ತಿತ್ತು.

ತೆರೆಯ ಮೇಲೆ ಆಗಷ್ಟೇ ಮುಗಿದದ್ದು ಅವರದೇ ಕಥೆ. ಅವರದು ಮತ್ತು ತೀರಿಹೋದ ನನ್ನ ಮೈದುನನದು. ಐವತ್ತೇಳು ವರ್ಷದ ಹಿಂದೆ ನಮ್ಮ ಊರಿನಲ್ಲಿ ಮೊಟ್ಟಮೊದಲು ಮೈ ಕಟ್ಟಿದವರು ಈ ಅಣ್ಣತಮ್ಮಂದಿರು. ಅದಕ್ಕೆ ಮುಂಚೆ ಭಾರ ಎತ್ತುವವರು ಇರಲಿಲ್ಲವೆಂದಲ್ಲ. ಉಗ್ರಾಣದ ಹಮಾಲರು ದಿನವೂ ಎತ್ತುತ್ತಿದ್ದರು. ಆದರೆ ಎತ್ತಿದ್ದನ್ನು ಎಲ್ಲಿಗೂ ಒಯ್ಯದೆ ಮತ್ತೆ ಅಲ್ಲೇ ಇಳಿಸುವ ಪದ್ಧತಿಯನ್ನು ತಂದವರು ಇವರು. ಇಬ್ಬರೂ ಲಾರಿ ರಿಪೇರಿ ಮಾಡುತ್ತಿದ್ದರು. ಗುಜರಿ ಲಾರಿಯೊಂದರ ಅಚ್ಚಿನ ಎರಡು ತುದಿಗೂ ಎಣ್ಣೆ ಡಬ್ಬ ಸಿಕ್ಕಿಸಿ, ಡಬ್ಬಕ್ಕೆ ಕಾಂಕ್ರೀಟು ಸುರಿದು, ಶೆಡ್ಡಿನ ಹಿಂದೆ ಶುರುಮಾಡಿದರು. ಆರು ತಿಂಗಳಲ್ಲಿ ತೋಳು ದಪ್ಪವಾದಾಗ ನಮ್ಮ ಅತ್ತೆ ಇಬ್ಬರನ್ನೂ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ, ಬಾವು ಇಳಿಯುವುದಕ್ಕೆ ಏನಾದರೂ ಕೊಡಿ ಎಂದು ಕೇಳಿದರಂತೆ. ಸಿನಿಮಾದಲ್ಲಿ ಇದೂ ಇತ್ತು, ಜನ ಬಿದ್ದು ಬಿದ್ದು ನಕ್ಕರು.

ಒಳಗಿದ್ದಾಗ ಎಲ್ಲರೂ ಒಟ್ಟಿಗೆ ನಕ್ಕರು, ಒಟ್ಟಿಗೆ ಅತ್ತರು. ಹೊರಗೆ ಬಂದ ಮೇಲೆ ಮಾತ್ರ ಒಬ್ಬೊಬ್ಬರದು ಒಂದೊಂದು ರಾಗ.

ಓರಗಿತ್ತಿಯ ದೂರು ಅವಳ ಪಾತ್ರ ಮಾಡಿದ ಹುಡುಗಿಯ ಮೇಲೆ. ಆ ಹುಡುಗಿ ಎರಡೂವರೆ ಗಂಟೆಯಲ್ಲಿ ಹನ್ನೊಂದು ಸಲ ಅತ್ತಿದ್ದಳು. ತಾನು ಮದುವೆಯ ದಿನವೂ ಅತ್ತವಳಲ್ಲ, ಗಂಡ ಸತ್ತಾಗ ಅತ್ತದ್ದು ಒಂದೇ ಸಲ, ಅದೂ ಬಾಗಿಲು ಹಾಕಿಕೊಂಡು ಎಂದು ಮೂಗು ಒರೆಸುತ್ತಲೇ ಹೇಳಿದಳು. ಇನ್ನೊಂದು ದೂರು ಮೈದುನನ ಸಾವಿನದು. ನಿಜವಾಗಿ ಅವನು ಹೋದದ್ದು ಹೊಟ್ಟೆ ತುಂಬ ಉಂಡು, ಆರಾಮಕುರ್ಚಿಯಲ್ಲಿ ಒರಗಿ, ಪೇಪರನ್ನು ಮುಖದ ಮೇಲೆ ಹಾಕಿಕೊಂಡು. ಸಿನಿಮಾದಲ್ಲಿ ಮುನ್ನೂರು ಕಿಲೋ ಎತ್ತಿ, ಅಣ್ಣನ ಕಡೆ ಒಮ್ಮೆ ನೋಡಿ, ನಕ್ಕು ಸತ್ತ.

"ಇದು ಶುದ್ಧ ಸುಳ್ಳು ಅಕ್ಕ," ಅಂದಳು. ನಾಲ್ಕು ಹೆಜ್ಜೆ ನಡೆದ ಮೇಲೆ, "ಆದ್ರೂ ಇದೇ ಇರಲಿ ಬಿಡಿ," ಅಂದಳು.

ಕ್ಷೌರದಂಗಡಿಯ ಮುದುಕನಿಗೆ ಮೈ, ಭಾರ, ಸಾವು ಯಾವುದೂ ಬೇಕಿರಲಿಲ್ಲ. ಆ ಕಾಲದಲ್ಲಿ ಅಣ್ಣತಮ್ಮಂದಿರ ತಲೆಗೂದಲು ಕತ್ತರಿಸುತ್ತಿದ್ದವನು ನಾನು; ಅಣ್ಣನಿಗೆ ಬೈತಲೆ ಬಲಕ್ಕೆ, ತಮ್ಮನಿಗೆ ಎಡಕ್ಕೆ ತೆಗೆಯುತ್ತಿದ್ದೆ; ಇವರು ಇಬ್ಬರಿಗೂ ಎಡಕ್ಕೇ ತೆಗೆದಿದ್ದಾರೆ; ಇಷ್ಟೂ ಗೊತ್ತಿಲ್ಲದವರು ಚರಿತ್ರೆ ಏನು ಹೇಳಿಯಾರು ಎಂದು ಟಿಕೆಟ್ ಕಿಟಕಿಯ ಮುಂದೆ ನಿಂತು ಕೇಳುತ್ತಿದ್ದ. ಟಿಕೆಟ್ ಕೊಡುವವಳು ಅದಕ್ಕೆ ಏನು ಮಾಡಿಯಾಳು.

ನನ್ನ ಮೊಮ್ಮಗಳು ಈಗ ತಾತನ ಜಿಮ್ಮು ನಡೆಸುತ್ತಿದ್ದಾಳೆ. ಅವಳು ಸರಳಿಗೆ ಸಿಕ್ಕಿಸಿದ್ದ ಭಾರದ ತಟ್ಟೆಗಳನ್ನು ಎಣಿಸಿದ್ದಳು. ಕೊನೆಯಲ್ಲಿ ಆ ಕಡೆ ಒಂಬತ್ತು, ಈ ಕಡೆ ಒಂಬತ್ತು. ಅಷ್ಟು ಭಾರಕ್ಕೆ ಸರಳು ಬಿಲ್ಲಿನ ಹಾಗೆ ಬಾಗಬೇಕು, ಸಿನಿಮಾದಲ್ಲಿ ಸ್ಕೇಲಿನ ಹಾಗೆ ನೆಟ್ಟಗಿತ್ತು. ಎಲ್ಲ ಥರ್ಮೋಕೋಲು ಅಂದಳು. ಹಾಗೆಂದು ಸಿನಿಮಾ ಕೆಟ್ಟದ್ದು ಎಂದೂ ಅನ್ನಲಿಲ್ಲ. ಆ ದಿನ ಬೆಳಿಗ್ಗೆಯೇ ಹದಿನೇಳು ಜನ ಹೊಸದಾಗಿ ಜಿಮ್ಮಿಗೆ ಸೇರಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಯಜಮಾನರು ಮಾತ್ರ ಹಲ್ಲು ಕಡಿಯುತ್ತಲೇ ರಸ್ತೆ ದಾಟಿದರು. ದಾಟಿದ ಮೇಲೆ ನಿಂತರು.

"ಬಣ್ಣ," ಅಂದರು. "ಆ ನಟ ಮೀನಿಗೆ ಬಣ್ಣ ಬಳ್ಕೊಂಡಿದಾನೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಹೆಗಲು ಮುಟ್ಟಲಿಲ್ಲ, ಸೆರಗು ಸರಿಮಾಡಿಕೊಂಡೆ.

ಮೀನು ಎಂದರೆ ಏನೆಂದು ಹೇಳಬೇಕು. ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ, ಅಡ್ಡಕ್ಕೆ, ಮೂರು ಬೆರಳುದ್ದದ ಒಂದು ಉಬ್ಬು. ತಲೆ ದಪ್ಪ, ಬಾಲ ಸಣ್ಣ. ನಮ್ಮ ಯಜಮಾನರ ಎರಡೂ ಪಕ್ಕೆಯಲ್ಲಿ ಅದು ಇರುವುದು ಅಣ್ಣತಮ್ಮಂದಿರ ಹೆಸರಾಂತ ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಫೋಟೋ ಊರಿನ ಎಲ್ಲ ಜಿಮ್ಮುಗಳ ಗೋಡೆಯ ಮೇಲಿದೆ, ಸುತ್ತಲ ಊರುಗಳಲ್ಲೂ ಇದೆ. ಹುಡುಗರು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದೇ ಹೀಗೆ: ನಿನಗೆ ಮೀನು ಬಂತಾ? ಇಲ್ಲ ಕಣೋ, ನಿನಗೆ? ಮೀನಿನ ಹೆಜ್ಜೆ ಕಂಡವರಿಲ್ಲ ಎಂಬ ಮಾತಿದೆ. ಇಲ್ಲಿ ಐವತ್ತೇಳು ವರ್ಷದಿಂದ ಮೀನನ್ನೇ ಕಂಡವರಿರಲಿಲ್ಲ. ಒಮ್ಮೆ ಮೂಳೆ ಡಾಕ್ಟರೊಬ್ಬರು ಜಿಮ್ಮಿಗೆ ಸೇರಿದವರು, ಮನುಷ್ಯನ ಮೈಯಲ್ಲಿ ಅಂಥ ಸ್ನಾಯುವೇ ಇಲ್ಲವಲ್ಲ ಅಂದರು. ನೀವು ಓದಿದ ಪುಸ್ತಕ ಯಾವ ವರ್ಷದ್ದು ಎಂದು ನಮ್ಮ ಯಜಮಾನರು ಅವರನ್ನು ಕೇಳಿದರು.

ಸ್ನಾಯು ಇಲ್ಲ. ಡಾಕ್ಟರು ಹೇಳಿದ್ದೇ ಸರಿ. ಮೀನನ್ನು ಬರೆದವಳು ನಾನು.

ಆಗ ನನಗೆ ಹತ್ತೊಂಬತ್ತು. ಫೋಟೋ ಸ್ಟುಡಿಯೋದಲ್ಲಿ ಟಚಿಂಗ್ ಕೆಲಸ. ಓದು ಬರಹ ಬರುತ್ತಿರಲಿಲ್ಲ, ಆ ಕೆಲಸಕ್ಕೆ ಬೇಕಾಗಿಯೂ ಇರಲಿಲ್ಲ. ಓರೆಯಾದ ಮೇಜು, ಅದರ ನಡುವೆ ಮಬ್ಬುಗಾಜು, ಕೆಳಗೆ ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಗಾಜಿನ ಮೂಲಕ ಮೇಲೆ ಬರುತ್ತದೆ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಸಣ್ಣ ಸಣ್ಣ ಗೀರು ಹಾಕಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಪೆನ್ಸಿಲ್ ತಾಗಿದ ಜಾಗ ಫೋಟೋದಲ್ಲಿ ಬೆಳ್ಳಗಾಗುತ್ತದೆ, ಬ್ಲೇಡಿನಿಂದ ಕೆರೆದ ಜಾಗ ಕಪ್ಪಾಗುತ್ತದೆ. ಮೊಡವೆ, ಸುಕ್ಕು, ಕಣ್ಣ ಕೆಳಗಿನ ಕಪ್ಪು, ಎಲ್ಲ ನನ್ನ ಕೈಯಲ್ಲಿ ಹೋಗುತ್ತಿದ್ದವು. ಸ್ಟುಡಿಯೋದ ಸಾಹುಕಾರರದು ಒಂದೇ ಕಟ್ಟಪ್ಪಣೆ: ಎರಡು ಕಡೆಯೂ ಸಮ ಇರಬೇಕು. ಒಂದು ಹುಬ್ಬು ಮೇಲೆ ಹೋಗಿದ್ದರೆ ಇನ್ನೊಂದನ್ನೂ ಎತ್ತು. ಒಂದು ಕೆನ್ನೆಯಲ್ಲಿ ಗುಳಿ ಬಿದ್ದರೆ ಇನ್ನೊಂದರಲ್ಲೂ ತೋಡು. ಗಿರಾಕಿ ಮುಖ ಓರೆ ಬಂತು ಅಂತ ವಾಪಸು ಬರಬಾರದು.

ಒಂದು ದಿನ ಈ ಅಣ್ಣತಮ್ಮಂದಿರ ನೆಗೆಟಿವ್ ಬಂತು. ಅಂಗಿ ಇಲ್ಲದ ಗಂಡಸರನ್ನು, ಅದೂ ಹೀಗೆ ಗಂಟು ಗಂಟಾಗಿ ಇರುವವರನ್ನು ನಾನು ಎಲ್ಲಿ ನೋಡಿದ್ದೆ? ಯಾವುದು ಇರಬೇಕಾದದ್ದು, ಯಾವುದು ಇರಬಾರದ್ದು, ಒಂದೂ ತಿಳಿಯದು. ಅಣ್ಣನ ಎಡಪಕ್ಕೆಯಲ್ಲಿ ಒಂದು ಮೀನಿನಾಕಾರ ಇತ್ತು, ಬಲಪಕ್ಕೆಯಲ್ಲಿ ಇರಲಿಲ್ಲ. ಸಾಹುಕಾರರ ಅಪ್ಪಣೆ ಇತ್ತಲ್ಲ, ಬ್ಲೇಡಿನಿಂದ ಕೆರೆದು ಕಪ್ಪು ಮಾಡಿ, ಪೆನ್ಸಿಲ್ಲಿನ ಗೀರು ತುಂಬಿ ಉಬ್ಬಿಸಿ, ಬಲಕ್ಕೂ ಒಂದು ಕೂರಿಸಿದೆ. ಎರಡು ದಿನ ಹಿಡಿಯಿತು. ಮುಗಿದ ಮೇಲೆ ನನ್ನದು ಯಾವುದು, ಮೊದಲಿನದು ಯಾವುದು ಎಂದು ಸಾಹುಕಾರರಿಗೇ ಗೊತ್ತಾಗಲಿಲ್ಲ.

ಫೋಟೋ ತೆಗೆದುಕೊಳ್ಳಲು ಅಣ್ಣ ಒಬ್ಬರೇ ಬಂದರು. ತುಂಬ ಹೊತ್ತು ನೋಡಿದರು. ಆಮೇಲೆ ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿಯ ಮುಂದೆ ನಿಂತು ಅಂಗಿ ಎತ್ತಿ, ಉಸಿರು ಬಿಗಿಹಿಡಿದು, ಪಕ್ಕೆ ನೋಡಿಕೊಂಡರು. ನಾನೂ ನೋಡಿದೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ನನ್ನ ಕಣ್ಣು ತಾನಾಗಿ ದೀಪದ ಕಂಬದ ಕಡೆ ಹೋಯಿತು. ಅದಕ್ಕೊಂದು ತಿರುಗಣೆಯ ಹಿಡಿ ಇತ್ತು, ತಲೆ ದಪ್ಪ, ಬಾಲ ಸಣ್ಣ. ಎಡಪಕ್ಕೆಯ ಮೇಲೆ ಬಿದ್ದದ್ದು ಆ ಹಿಡಿಯ ನೆರಳು.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ, ತನಗೆ ಇಂಥದ್ದು ಇದೆಯೆಂದು ಇಷ್ಟು ದಿನ ಗೊತ್ತೇ ಇರಲಿಲ್ಲ ಎಂದು ನಕ್ಕರು. ಆ ನಗುವನ್ನು ಕಂಡ ಮೇಲೆ ಯಾರಿಗೆ ಬಾಯಿ ಬರುತ್ತದೆ? ಹತ್ತು ತಿಂಗಳಿಗೆ ನಮ್ಮ ಮದುವೆಯಾಯಿತು. ಮದುವೆಯಾದ ಮೇಲೆ ಹೇಳೋಣ ಅಂದುಕೊಂಡೆ, ಮಗು ಆದ ಮೇಲೆ ಹೇಳೋಣ ಅಂದುಕೊಂಡೆ. ನನಗೆ ತಾಳ್ಮೆ ಜಾಸ್ತಿ, ಕೆಲವು ಸಲ ಅದೇ ನನ್ನ ರೋಗ. ಅಷ್ಟರಲ್ಲಿ ಅವರು ಮೈ ಕಟ್ಟುವುದರ ಮೇಲೆ ಪುಸ್ತಕ ಬರೆದುಬಿಟ್ಟಿದ್ದರು. ಅದನ್ನು ಓದಲೇಬೇಕೆಂದು ನಲವತ್ತೆರಡನೆಯ ವಯಸ್ಸಿಗೆ ನಾನು ರಾತ್ರಿ ಶಾಲೆಗೆ ಸೇರಿದೆ. ನಾನು ಪೂರ್ತಿ ಓದಿದ ಮೊದಲ ಪುಸ್ತಕ ಅದು. ನಾಲ್ಕನೇ ಅಧ್ಯಾಯಕ್ಕೆ ಬಂದಾಗ ಓದು ಕಲಿತದ್ದೇ ತಪ್ಪಾಯಿತು ಅನ್ನಿಸಿತು. ಅಧ್ಯಾಯ ಪೂರ್ತಿ ಮೀನು. ಮೀನು ಬರಿಸಿಕೊಳ್ಳಲು ಅವರೇ ಕಂಡುಹಿಡಿದ ಕಸರತ್ತು: ಪಕ್ಕಕ್ಕೆ ಮಲಗಿ, ಮರಳಿನ ಚೀಲವನ್ನು ಕಾಲಲ್ಲಿ ಎತ್ತುವುದು, ಬೆಳಿಗ್ಗೆ ಇನ್ನೂರು, ಸಂಜೆ ಇನ್ನೂರು. ಕೊನೆಯಲ್ಲಿ ಒಂದು ಎಚ್ಚರಿಕೆ: ಬೆಳಕು ಸರಿಯಾಗಿ ಬಿದ್ದರೆ ಮಾತ್ರ ಮೀನು ಕಾಣುತ್ತದೆ. ಅದೊಂದು ಮಾತಿನಲ್ಲಿ ಮಾತ್ರ ಸುಳ್ಳಿರಲಿಲ್ಲ.

ಈಗ ಸಿನಿಮಾದ ನಟ ಹದಿನಾಲ್ಕು ತಿಂಗಳು ಮೈ ಕಟ್ಟಿದ. ಮೊಟ್ಟೆ ತಿಂದ, ಉಪ್ಪು ಬಿಟ್ಟ, ಎಲ್ಲ ಬಂತು, ಮೀನು ಬರಲಿಲ್ಲ. ಕೊನೆಗೆ ಬಣ್ಣ ಹಚ್ಚುವವರು ಬ್ರಷ್ಷಿನಲ್ಲಿ ಬರೆದರು. ಅದನ್ನು ನಮ್ಮ ಯಜಮಾನರ ಕಣ್ಣು ಮೊದಲ ಐದು ನಿಮಿಷದಲ್ಲೇ ಹಿಡಿದಿತ್ತು.

ಒಂದು ವಾರ ಊರಲ್ಲಿ ಇದೇ ಮಾತು. ಮೀನಿಗೆ ಬಣ್ಣ ಬಳಿದದ್ದು ಮೋಸ ಎಂದು ಒಂದು ಗುಂಪು. ಸಿನಿಮಾ ಅಂದ ಮೇಲೆ ಬಣ್ಣ ಇಲ್ಲದೆ ಇರುತ್ತದೆಯೇ ಎಂದು ಇನ್ನೊಂದು. ಭಾನುವಾರ ಮಧ್ಯಾಹ್ನದ ಆಟ ಮುಗಿದ ಮೇಲೆ ನಿರ್ದೇಶಕ ಮತ್ತು ನಟ ಇಬ್ಬರೂ ನಮ್ಮ ಥಿಯೇಟರಿಗೆ ಬಂದು ಜನರ ಪ್ರಶ್ನೆಗೆ ಉತ್ತರ ಕೊಡುತ್ತಾರೆಂದು ಸುದ್ದಿ ಬಂತು. ಎಲ್ಲರೆದುರು ಆ ನಟನ ಬಣ್ಣ ಬಯಲು ಮಾಡುತ್ತೇನೆ ಎಂದು ಯಜಮಾನರು ಭಾಷಣ ಬರೆಯಲು ಕೂತರು.

ಬುಧವಾರ ನಿರ್ದೇಶಕರ ಫೋನು ಬಂತು. ಮೊಮ್ಮಗಳು ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು. ಸ್ಟುಡಿಯೋ ಸಾಹುಕಾರರ ಮಗನ ಅಟ್ಟದಲ್ಲಿ ಆ ಫೋಟೋದ ಮೂಲ ನೆಗೆಟಿವ್ ಸಿಕ್ಕಿದೆಯಂತೆ. ಭಾನುವಾರ ಸಭೆಯ ಕೊನೆಯಲ್ಲಿ ಅದನ್ನು ತೆರೆಯ ಮೇಲೆ ದೊಡ್ಡದಾಗಿ ತೋರಿಸುತ್ತಾರಂತೆ. ನಾನು ಫೋನಿನ ಹತ್ತಿರ ಬಗ್ಗಿದೆ. ಹಳೆಯ ನೆಗೆಟಿವ್, ದೀಪದ ಬಿಸಿಗೆ ಸುಟ್ಟುಹೋದೀತು, ಬೇಡ ಎಂದೆ. ಅವರು ನಕ್ಕು, ಅದನ್ನು ಆಗಲೇ ಕಂಪ್ಯೂಟರಿಗೆ ಹಾಕಿಕೊಂಡಿದ್ದೇವೆ ಅಜ್ಜಿ, ನಲವತ್ತು ಪಟ್ಟು ಹಿಗ್ಗಿಸಿದರೂ ಒಂದು ಕೂದಲೂ ತಪ್ಪುವುದಿಲ್ಲ ಅಂದರು. ಯಜಮಾನರಿಗೆ ಆನಂದವೋ ಆನಂದ. ಸಾಕ್ಷಿ ತಾನಾಗಿಯೇ ಮನೆ ಬಾಗಿಲಿಗೆ ಬಂತು ಎಂದು ಭಾಷಣಕ್ಕೆ ಇನ್ನೊಂದು ಪುಟ ಸೇರಿಸಿದರು.

ಗೀರುಗಳನ್ನು ಬಲ್ಲವರಿಗೆ ಅದು ಪೆನ್ಸಿಲ್ ಎಂದು ತಿಳಿಯಲು ಎರಡು ಪಟ್ಟು ಹಿಗ್ಗಿಸಿದರೆ ಸಾಕು. ಇವರು ನಲವತ್ತು ಅನ್ನುತ್ತಿದ್ದಾರೆ. ಎಂಬತ್ತೆರಡು ವರ್ಷದ ಮನುಷ್ಯ ಊರೆದುರು ಎದ್ದು ನಿಂತು, ಬಣ್ಣ ಬಳಿದವನನ್ನು ಬೈದು ಕೂತ ಹತ್ತು ನಿಮಿಷಕ್ಕೆ, ಅವರ ಮೀನೂ ಬರೆದದ್ದೇ ಎಂದು ಗೋಡೆಯಷ್ಟು ದೊಡ್ಡದಾಗಿ ಕಾಣಬೇಕೆ? ನಾನು ಬೇರೆ ಏನನ್ನಾದರೂ ತಾಳಿಕೊಂಡೇನು, ಅದನ್ನಲ್ಲ.

ಅವರು ಹೋಗದ ಹಾಗೆ ಮಾಡುವುದೊಂದೇ ದಾರಿ. ಭಾನುವಾರ ಬೆಳಿಗ್ಗೆ ಅವರ ಹಲ್ಲು ಬಚ್ಚಿಟ್ಟೆ. ಹಲ್ಲಿಲ್ಲದೆ ಭಾಷಣ ಹೇಗೆ? ಸಕ್ಕರೆ ಡಬ್ಬಿಯ ಒಳಗೆ ಇಟ್ಟೆ. ಸಕ್ಕರೆ ಬಿಳಿಯ ವಿಷ ಎಂದು ಪುಸ್ತಕದಲ್ಲಿ ಬರೆದವರು, ನಲವತ್ತು ವರ್ಷದಿಂದ ಸಪ್ಪೆ ಚಹಾ ಕುಡಿಯುವವರು, ಅಲ್ಲಿ ಕೈ ಹಾಕಲಾರರು ಎಂಬ ಧೈರ್ಯ. ಹತ್ತೇ ನಿಮಿಷಕ್ಕೆ ಹಲ್ಲು ಹಾಕಿಕೊಂಡು ಬಂದರು. ಎಲ್ಲಿ ಸಿಕ್ಕಿತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೀಸೆಯಲ್ಲಿ ಎರಡು ಹರಳು ಹೊಳೆಯುತ್ತಿದ್ದವು.

ಥಿಯೇಟರು ತುಂಬಿತ್ತು. ನಿರ್ದೇಶಕ ಸಣಕಲು ಮನುಷ್ಯ, ಕನ್ನಡಕ, ಕೈಯಲ್ಲಿ ಮೈಕು. ಪಕ್ಕದಲ್ಲಿ ಕುರ್ಚಿ ಸಾಲದೆ ಅಂಚಿನಲ್ಲಿ ಕೂತ ನಟ. ಎಷ್ಟು ದೊಡ್ಡ ಮೈಯೋ ಅಷ್ಟು ಸಣ್ಣ ದನಿ. ಕ್ಷೌರದ ಮುದುಕ ಮೊದಲು ಎದ್ದು ಬೈತಲೆಯ ಪ್ರಶ್ನೆ ಕೇಳಿದ, ನಿರ್ದೇಶಕರು ತಪ್ಪೊಪ್ಪಿಕೊಂಡರು, ಮುದುಕ ಗೆದ್ದವನ ಹಾಗೆ ಸುತ್ತ ನೋಡಿ ಕೂತ. ಓರಗಿತ್ತಿ ಎದ್ದು ತಾನು ಅಷ್ಟು ಅಳುವವಳಲ್ಲ ಎಂದು ಹೇಳಹೊರಟು, ಜನ ಚಪ್ಪಾಳೆ ತಟ್ಟಿದ್ದಕ್ಕೆ ಗಳಗಳ ಅತ್ತುಬಿಟ್ಟಳು.

ಆಮೇಲೆ ಯಜಮಾನರು ಎದ್ದರು. ಬರೆದ ಹಾಳೆ ಜೇಬಿನಲ್ಲೇ ಉಳಿಯಿತು. ಮೈ ಎಂಬುದು ಬೆವರಿನಿಂದ ಬರುವುದು, ಬ್ರಷ್ಷಿನಿಂದ ಬರುವುದಲ್ಲ. ತಾವು ಕಾಂಕ್ರೀಟಿನ ಡಬ್ಬ ಎತ್ತಿ ಪಡೆದದ್ದನ್ನು ಈ ಹುಡುಗ ಕುರ್ಚಿಯಲ್ಲಿ ಕೂತು ಬಳಿಸಿಕೊಂಡ. ಇದು ತನ್ನ ತಮ್ಮನಿಗೆ ಮಾಡಿದ ಅವಮಾನ ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ನಟ ಎದ್ದು ನಿಂತ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಕಣ್ಣು ತುಂಬಿತ್ತು.

"ತಾತ, ನಿಮ್ಮ ನಾಲ್ಕನೇ ಅಧ್ಯಾಯ ನನಗೆ ಬಾಯಿಪಾಠ ಬರುತ್ತೆ. ಹದಿನಾಲ್ಕು ತಿಂಗಳು, ಒಂದಿನಾನೂ ತಪ್ಪಿಸಿಲ್ಲ. ಪಕ್ಕೆ ಹಿಡ್ಕೊಂಡು ಮೂರು ವಾರ ಹಾಸಿಗೆ ಹಿಡಿದೆ. ಎದ್ದು ಮತ್ತೆ ಮಾಡಿದೆ. ಬರ್ಲಿಲ್ಲ. ನನ್ನ ಮೈಯಲ್ಲೇ ಏನೋ ಕೊರತೆ ಇದೆ, ಇವತ್ತಿಗೂ ಮಾಡ್ತಾನೇ ಇದೀನಿ. ತಪ್ಪಾಯ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಂಥ ಆಳು, ಕಂಬದಂಥ ಕತ್ತು ಬಗ್ಗಿಸಿ, ಇಲ್ಲದ ತಪ್ಪಿಗೆ ನಿಂತಿದ್ದಾನೆ. ಚಿತ್ರೀಕರಣ ಮುಗಿದು ಆರು ತಿಂಗಳಾದರೂ ಇನ್ನೂ ಪಕ್ಕಕ್ಕೆ ಮಲಗಿ ಮರಳು ಎತ್ತುತ್ತಿದ್ದಾನೆ. ನಾನು ಗಂಡನನ್ನು ಕಾಯಲು ಬಂದವಳು, ಯಾರ ಮಗನನ್ನೋ ನೋಡಿ ಎದ್ದುಬಿಟ್ಟೆ. ಕೂತ್ಕೊಳ್ಳಿ ಅಕ್ಕ ಎಂದು ಓರಗಿತ್ತಿ ಸೆರಗು ಜಗ್ಗಿದಳು.

"ನಿನ್ನ ಮೈಯಲ್ಲಿ ಏನೂ ಕೊರತೆ ಇಲ್ಲಪ್ಪ," ಅಂದೆ. "ಮೀನು ಅನ್ನೋದೇ ಇಲ್ಲ. ಅದನ್ನ ಬರೆದವಳು ನಾನು. ಪೆನ್ಸಿಲ್ಲಲ್ಲಿ."

ನಾನು ಯಜಮಾನರ ಕಡೆ ನೋಡಲಿಲ್ಲ, ನೋಡಿದ್ದರೆ ಮಾತು ನಿಲ್ಲುತ್ತಿತ್ತು. ಓರೆಮೇಜು, ಮಬ್ಬುಗಾಜು, ಸಾಹುಕಾರರ ಅಪ್ಪಣೆ, ದೀಪದ ಕಂಬದ ನೆರಳು, ಎಲ್ಲ ಒಂದೊಂದಾಗಿ ಹೇಳಿದೆ. ಹೇಳಿ ಮುಗಿಸುವಾಗ ಐವತ್ತೇಳು ವರ್ಷದ ಗಂಟು ಬಿಚ್ಚಿದ ಹಾಗಾಯಿತು. ಈಗ ಕಲ್ಲು ಬೀಳುತ್ತದೋ ಹೂ ಬೀಳುತ್ತದೋ ಎಂದು ಕಾದೆ.

ಎರಡೂ ಬೀಳಲಿಲ್ಲ. ಜನ ನಗತೊಡಗಿದರು. ಕೆಟ್ಟ ನಗು ಅಲ್ಲ, ಅಜ್ಜಿಯರಿಗೆ ನಗುವ ನಗು. ಪಾಪ, ವಯಸ್ಸಾಯಿತು ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಹುಡುಗ ಅಳುತ್ತಿದ್ದಾನೆಂದು ಕರುಳು ಕರಗಿ ಸುಳ್ಳು ಹೇಳುತ್ತಿದ್ದಾರೆ, ತಾಯಿ ಹೃದಯ ಎಂದು ಇನ್ನೊಬ್ಬರು. ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಿದಾಗಿನಿಂದ ಹೀಗೇ, ಮೊನ್ನೆ ನನ್ನನ್ನೇ ಹಾಲಿನವಳು ಅಂದುಕೊಂಡರು ಎಂದು ಓರಗಿತ್ತಿ ಅಕ್ಕಪಕ್ಕದವರಿಗೆ ಸಮಾಧಾನ ಹೇಳಿದಳು. ಅವಳನ್ನು ನಾನು ಹಾಲಿನವಳು ಅಂದದ್ದು ಬೇಕೆಂದೇ. ಅದು ಬೇರೆ ಕಥೆ.

ನಿರ್ದೇಶಕರು ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲವೆಂದು ದೀಪ ಆರಿಸಿದರು. ತೆರೆಯ ಮೇಲೆ ಅಣ್ಣತಮ್ಮಂದಿರು ಮೂಡಿದರು. ಆಮೇಲೆ ಅಣ್ಣ ಒಬ್ಬರೇ. ಆಮೇಲೆ ಬಲಪಕ್ಕೆ. ಮೀನು ಬೆಳೆಯುತ್ತ ಬೆಳೆಯುತ್ತ ದೋಣಿಯಷ್ಟಾಯಿತು. ನನ್ನ ಗೀರುಗಳು ಒಂದೊಂದೂ ಕಂಡವು. ಅಲ್ಪವಿರಾಮದ ಹಾಗೆ ಸಣ್ಣ ಸಣ್ಣವು, ಒತ್ತೊತ್ತಾಗಿ, ಬಾಲದ ಕಡೆಗೆ ತೆಳುವಾಗುತ್ತ. ಒಂದು ಕಡೆ ಸೀನು ಬಂದು ಕೈ ಜಾರಿದ್ದೂ ಕಂಡಿತು. ಈಗಾದರೂ ನಂಬುತ್ತಾರೆ ಅಂದುಕೊಂಡೆ.

"ನೋಡ್ರೋ," ಅಂದ ಜಿಮ್ಮಿನ ಹುಡುಗನೊಬ್ಬ, ಕತ್ತಲಲ್ಲಿ. "ನಾರು ನಾರಾಗಿ ಕಾಣ್ತಿದೆ."

ಹೌದು ಹೌದು ಎಂದು ಎಲ್ಲ ಕಡೆಯಿಂದ ದನಿ ಎದ್ದಿತು. ಇಂಥ ನಾರು ಈಗಿನವರಿಗೆ ಎಲ್ಲಿಂದ ಬರಬೇಕು ಅಂದರು. ಕೈ ಜಾರಿದ ಗೀರನ್ನು ತೋರಿಸಿ, ಅದು ನರ ಎಂದು ಮೊಮ್ಮಗಳು ಪಕ್ಕದವಳಿಗೆ ವಿವರಿಸಿದಳು. ನನ್ನ ಸಾಕ್ಷಿ ನನ್ನ ಮೇಲೆಯೇ ಸಾಕ್ಷಿ ಹೇಳಿತು. ಮೂಳೆ ಡಾಕ್ಟರೂ ಬಂದಿದ್ದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಪುಸ್ತಕ ಹಳೆಯದೇ ಇರಬೇಕು ಎಂದು ಗೊಣಗಿದರಂತೆ.

ದೀಪ ಹತ್ತಿತು. ಯಜಮಾನರು ಇನ್ನೂ ನಿಂತೇ ಇದ್ದರು. ಎಲ್ಲರೂ ಅವರ ಕಡೆ ತಿರುಗಿದರು. ಅವರು ತೆರೆಯನ್ನು ನೋಡುತ್ತಿದ್ದವರು ನಿಧಾನವಾಗಿ ನನ್ನ ಕಡೆ ನೋಡಿದರು, ಆಮೇಲೆ ಜನರ ಕಡೆ.

"ನಮ್ಮ ಮನೆಯವಳು ಹೇಳಿದ್ದನ್ನ ಯಾರೂ ಮನಸ್ಸಿಗೆ ಹಚ್ಕೋಬೇಡಿ," ಅಂದರು. "ಅವಳು ಒಳ್ಳೆಯವಳು."

ಜನ ಚಪ್ಪಾಳೆ ತಟ್ಟಿದರು. ಅವರ ಮೀನು ಉಳಿಯಿತು. ನಾನು ಬಯಸಿದ್ದು ಅದನ್ನೇ. ಆದರೂ ನಿಜ ಹೇಳಿ ಹುಚ್ಚಿ ಅನ್ನಿಸಿಕೊಂಡು ಕೂರುವಾಗ ಕುರ್ಚಿ ಸ್ವಲ್ಪ ಚುಚ್ಚಿತು.

ಹೊರಗೆ ಮೆಟ್ಟಿಲ ಹತ್ತಿರ ನಟ ನನಗಾಗಿ ಕಾಯುತ್ತಿದ್ದ. ನನ್ನ ಬಲಗೈ ಹಿಡಿದು ಬೆರಳುಗಳನ್ನು ನೋಡಿದ. ನಡುಬೆರಳಿನ ಪಕ್ಕದಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಆದ ಜಡ್ಡು ಇನ್ನೂ ಇದೆ. ಅದನ್ನು ಹೆಬ್ಬೆರಳಿನಿಂದ ಸವರಿದ. ಇಡೀ ಥಿಯೇಟರಿನಲ್ಲಿ ನನ್ನನ್ನು ನಂಬಿದವನು ಅವನೊಬ್ಬನೇ, ಅದು ಅವನ ಮುಖದಲ್ಲೇ ಗೊತ್ತಾಯಿತು.

"ಹಾಗಾದ್ರೆ ಅಮ್ಮ," ಎಂದು ತೀರ ಮೆಲ್ಲಗೆ ಕೇಳಿದ, "ಇನ್ಮೇಲೆ ನಾನು ಹೊಟ್ಟೆ ತುಂಬ ಊಟ ಮಾಡಬಹುದಾ?"

ಮಾಡಪ್ಪ, ಉಪ್ಪು ಹಾಕಿಕೊಂಡು ಮಾಡು ಅಂದೆ. ಎದುರಿನ ಹೋಟೆಲಿಗೆ ರಸ್ತೆ ನೋಡದೆ ದಾಟಿದ.

ಮನೆಗೆ ಬರುವಾಗ ಬಸ್ಸಿನಲ್ಲಿ ಯಜಮಾನರು ಕಿಟಕಿ ನೋಡುತ್ತ ಕೂತರು. ಸಿಟ್ಟಿರಬೇಕು ಅಂದುಕೊಂಡೆ. ಸಿಟ್ಟಾದರೆ ಅವರು ಬಸ್ಸಿನಲ್ಲಿ ನನ್ನ ಟಿಕೆಟ್ ತೆಗೆಸುವುದಿಲ್ಲ, ಅವತ್ತು ತೆಗೆಸಿದರು. ಹಾಗಾದರೆ ಏನು ಎಂದು ತಿಳಿಯಲಿಲ್ಲ. ನಾನು ಕೆದಕಲಿಲ್ಲ. ಐವತ್ತೇಳು ವರ್ಷ ಕಾದವಳಿಗೆ ಇನ್ನೊಂದು ದಿನ ಭಾರವೇ?

ಮಾರನೆಯ ದಿನ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಅವರು ಮೊಮ್ಮಗಳಿಗೆ ಫೋನು ಮಾಡುತ್ತಿದ್ದದ್ದು ಕೇಳಿಸಿತು. ಇವತ್ತಿನಿಂದ ಜಿಮ್ಮಿನಲ್ಲಿ ಮೀನಿನ ಕಸರತ್ತು ನಿಲ್ಲಿಸು, ಮರಳಿನ ಚೀಲಗಳನ್ನು ಕಟ್ಟಡ ಕಟ್ಟುವವರಿಗೆ ಕೊಟ್ಟುಬಿಡು ಎಂದರು. ಅವಳು ಯಾಕೆ ಅಂದಿರಬೇಕು. ಈಗಿನವರ ಮೈಗೆ ಅದು ಒಗ್ಗುವುದಿಲ್ಲ, ನಮ್ಮ ಕಾಲಕ್ಕೇ ಮುಗಿಯಿತು, ಸುಮ್ಮನೆ ಪಕ್ಕೆ ಹಿಡಿಸಿಕೊಳ್ಳುತ್ತಾರೆ ಎಂದು ಗತ್ತಿನಿಂದ ಹೇಳಿ ಫೋನು ಇಟ್ಟರು.

ಆಮೇಲೆ ಗಡ್ಡ ಹೆರೆಯಲು ಕನ್ನಡಿಯ ಮುಂದೆ ನಿಂತರು. ಮೈಮೇಲೆ ಅಂಗಿ ಇರಲಿಲ್ಲ. ಮುಖಕ್ಕೆ ಸೋಪು ಹಚ್ಚಿಕೊಂಡವರು ಹೆರೆಯುವುದನ್ನು ಬಿಟ್ಟು ಬಲಗೈ ಎತ್ತಿದರು. ಎಂಬತ್ತೆರಡರ ಚರ್ಮ, ಎಲ್ಲೆಲ್ಲಿ ಮಡಿಸಬೇಕೋ ಅಲ್ಲೆಲ್ಲ ಮಡಿಸಿಕೊಂಡಿತ್ತು. ಉಸಿರು ಬಿಗಿಹಿಡಿದು ಅಡ್ಡ ತಿರುಗಿದರು. ನಾನು ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತದ್ದು ಕನ್ನಡಿಯಲ್ಲಿ ಅವರಿಗೆ ಕಂಡಿತು.

"ಇವಳೇ," ಅಂದರು, ತಿರುಗದೆ. "ನಾನು ಮೆಕ್ಯಾನಿಕ್ಕು. ಎರಕದ ಗುರುತು ಯಾವುದು, ಅರದಲ್ಲಿ ಉಜ್ಜಿದ ಗುರುತು ಯಾವುದು ಅಂತ ನಂಗೆ ಗೊತ್ತಾಗಲ್ವಾ?"

ಲೋಟ ಬಿಸಿಯಾಗಿತ್ತು, ಕೈ ಬದಲಿಸಿದೆ.

"ಎಡಕ್ಕಿದ್ದದ್ದು ಕಂಬದ ನೆರಳು ಅಂದ್ಯಲ್ಲ."

"ಹೌದು ರೀ."

"ಬಲಕ್ಕಿದ್ದದ್ದು ನಿನ್ನದು."

"ಹೌದು."

ಅವರು ಎಡಗೈ ಎತ್ತಿ ಎಡಪಕ್ಕೆ ನೋಡಿಕೊಂಡರು. ಮತ್ತೆ ಬಲಗೈ ಎತ್ತಿ ಬಲಪಕ್ಕೆ ನೋಡಿಕೊಂಡರು. ಕೆನ್ನೆಯ ಸೋಪು ಒಣಗಿ ಬಿರುಕು ಬಿಡುತ್ತಿತ್ತು.

"ಬಲಗಡೆಯದೇ ಚೆನ್ನಾಗಿ ಬಂದಿತ್ತು," ಅಂದರು.